ಹೊಂಬಾಳಮ್ಮ ಕಣ್ಣು ಮುಚ್ಚಿದ್ದು

ಹತ್ತಿರ ಬನ್ನಿ, ಕೂತ್ಕೊಳ್ಳಿ, ಚೆಲುವನ ಕತೆ ಹೇಳ್ತೀನಿ. ಹೆಸರಿಗೆ ಚೆಲುವ, ಬುದ್ಧಿಗೆ ಮಾತ್ರ ಬೀಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಅವನಮ್ಮ ಹೊಂಬಾಳಮ್ಮನಿಗೆ ಅದೇ ತಲೆನೋವು. ಪಾಪ, ಆಕೆಗೆ ಎದೆ ಕಾಯಿಲೆ ಬೇರೆ. ಮಲಗಿದರೆ ಆ ಮಗ್ಗುಲು, ಈ ಮಗ್ಗುಲು. ‘ನಾನು ಕಣ್ಣು ಮುಚ್ಚಿದರೆ ಈ ಮಗನ ಗತಿ ಏನಪ್ಪಾ’ ಅನ್ನೋ ಯೋಚನೆ. ಯೋಚನೆ ಬಂದಷ್ಟೂ ನಿದ್ದೆ ದೂರ, ನಿದ್ದೆ ದೂರವಾದಷ್ಟೂ ಎದೆ ಡವಡವ.

ಎದುರುಮನೆ ಚಿಕ್ಕತಾಯಮ್ಮ ತಾನು ನುಂಗೋ ನಿದ್ದೆ ಮಾತ್ರೆ ಒಂದನ್ನು ಕೊಟ್ಟಳು. ಹೊಂಬಾಳಮ್ಮ ಜಾಣೆ. “ಲೋ ಚೆಲುವ, ಇದು ನನಗೆ ಆಗುತ್ತಾ ಅಂತ ಡಾಕ್ಟ್ರಮ್ಮನ್ನ ಕೇಳ್ಕೊಂಡು ಬಾ!”

ಓಡಿದ. ಡಾಕ್ಟ್ರಮ್ಮ ಮಾತ್ರೆ ನೋಡಿ ಗಾಬರಿಯಾದರು. “ಅಯ್ಯೋ, ಇದನ್ನ ಅಮ್ಮನ ಕೈಗೆ ಕೊಡಬೇಡಪ್ಪಾ! ಅವರ ಎದೆ ಮೊದಲೇ ಸೋತಿದೆ. ಉಸಿರು ನಿಧಾನ ಆಗಬಹುದು. ಎದೆ ಮಾತ್ರೆ ಜೊತೆ ಸೇರಿದ್ರೆ ಬಿಪಿ ಇಳಿದು ಬಿದ್ದುಗಿದ್ದಾರು!”

ಕೈಗೆ ಕೊಡಬಾರದು, ಕೈಗೆ ಕೊಡಬಾರದು ಅಂತ ಜಪಿಸುತ್ತಾ ಮನೆಗೆ ಬಂದ. ಅಮ್ಮ ಕೈ ಚಾಚಿದಳು.

“ಊಹ್ಞೂಂ, ಕೈಗಿಲ್ಲ! ಆ ಅನ್ನು!” ಅಂದವನೇ ಸೀದಾ ಬಾಯಿಗೇ ಹಾಕಿದ.

“ಡಾಕ್ಟ್ರಮ್ಮ ಏನಂದ್ರೋ?”

“ಕೈಗೆ ಕೊಡಬೇಡ, ಉಸಿರು ನಿಧಾನ ಆಗುತ್ತೆ ಅಂದ್ರು!”

ಥೂ ಥೂ ಅಂತ ಉಗಿದಳು ತಾಯಿ. “ಮಂಕು ಮುಂಡೇದೇ! ನುಂಗಿದ್ದರೆ ನನ್ನ ಕತೆ ಮುಗೀತಿತ್ತು! ಇಂಥ ಬಿಳೀ ಮಾತ್ರೆ ಇನ್ನೊಂದು ಸಲ ಕಂಡರೆ ಎತ್ತಿ ಬೀದಿಗೆ ಎಸಿ!”

“ಆಗಲಮ್ಮ!”

ಮಾರನೇ ದಿನ ಅಮ್ಮನ ಮಾತ್ರೆ ಡಬ್ಬಿ ತೆಗೆದ. ಎದೆ ಮಾತ್ರೆ ಬಿಳಿ. ನೀರು ಹೋಗೋ ಮಾತ್ರೆ ಬಿಳಿ. ಎತ್ತಿದ, ಬೀದಿಗೆ ಎಸೆದ. ಕೋಳಿಗಳು ಒಮ್ಮೆ ಕುಕ್ಕಿ ನೋಡಿ, ಬೇಡ ಅಂತ ಹೋದವು.

“ಅಯ್ಯೋ ಪಾಪಿ! ನನ್ನ ಜೀವ ನಿಂತಿರೋದೇ ಅದರ ಮೇಲಲ್ಲವೇನೋ!” ಎದೆ ಹಿಡ್ಕೊಂಡು ಹೊಂಬಾಳಮ್ಮ ತಾನೇ ಡಾಕ್ಟ್ರಮ್ಮನ ಹತ್ತಿರ ಹೋದಳು.

ನಿದ್ದೆಗೆಟ್ಟ ಕತೆಯನ್ನೆಲ್ಲ ಕೇಳಿ ಡಾಕ್ಟ್ರಮ್ಮ ಅವೇ ಮಾತ್ರೆಗಳನ್ನು ಮತ್ತೆ ಬರೆದುಕೊಟ್ಟರು. “ನೀರು ಹೋಗೋ ಮಾತ್ರೆ ರಾತ್ರಿ ನುಂಗಿದ್ರೆ ಪದೇ ಪದೇ ಏಳದೆ ಇನ್ನೇನಮ್ಮಾ? ಬೆಳಿಗ್ಗೆ ನುಂಗಿ. ತಲೆದಿಂಬು ಎತ್ತರ ಮಾಡ್ಕೊಳ್ಳಿ, ಮೇಲುಸಿರು ಕಮ್ಮಿ ಆಗುತ್ತೆ. ನಿದ್ದೆ ಬಂತೋ ಇಲ್ಲವೋ ಮಗನ ಕೈಲಿ ಹೇಳಿ ಕಳಿಸಿ. ಬರದಿದ್ರೆ ನಿಮ್ಮ ಎದೆಗೆ ಹೊಂದೋದನ್ನ ನಾನೇ ನೋಡಿ ಕೊಡ್ತೀನಿ. ಯಾರ್‍ಯಾರದೋ ಮಾತ್ರೆ ಮಾತ್ರ ಮುಟ್ಟಬೇಡಿ.”

ಮನೆಗೆ ಬಂದು ಹೊಂಬಾಳಮ್ಮ ಅಂದಳು, “ದಿಂಬು ಎತ್ತರಕ್ಕೆ ಇಡೋ!”

ಅಟ್ಟದ ಮೇಲೆ ಇಟ್ಟ.

“ಅಲ್ಲಲ್ಲೋ! ತಲೆ ಕೆಳಗೆ ಕಣೋ, ತಲೆ ಕೆಳಗೆ!”

ಗೋಡೆಗೆ ಕಾಲು ಕೊಟ್ಟು ತಲೆ ಕೆಳಗೆ ಮಾಡಿ ನಿಂತ.

ಹೊಂಬಾಳಮ್ಮನಿಗೆ ಬೈಯೋಕೂ ಉಸಿರಿಲ್ಲ. ಇದ್ದಬದ್ದ ಕಂಬಳಿ ಒಟ್ಟಿ ತಾನೇ ಒರಗಿದಳು. “ಇಲ್ಲಿ ಕೇಳು. ನಾನು ಕಣ್ಣು ಮುಚ್ಚಿದ ತಕ್ಷಣ ಓಡಿಹೋಗಿ ಡಾಕ್ಟ್ರಮ್ಮನಿಗೆ ಹೇಳು. ಇಷ್ಟಾದರೂ ನೆಟ್ಟಗೆ ಮಾಡು!”

ಕೂತ, ನೋಡ್ತಾ ಕೂತ. ಮಟಮಟ ಮಧ್ಯಾಹ್ನ ತಾಯಿಗೆ ಜೊಂಪು ಹತ್ತಿತು. ಎಷ್ಟೋ ದಿನದ ಮೇಲೆ ಒಳ್ಳೇ ನಿದ್ದೆ. ಚೆಲುವ ಕುಣಿಯುತ್ತಾ ಬೀದಿಗೆ ಓಡಿದ.

“ಅಮ್ಮ ಕಣ್ಣು ಮುಚ್ಚಿದಳು! ಕೊನೆಗೂ ಕಣ್ಣು ಮುಚ್ಚಿದಳು!”

ಚಿಕ್ಕತಾಯಮ್ಮ ಎದೆ ಬಡ್ಕೊಂಡು ಬಂದಳು. ಬೀದಿಗೆ ಬೀದಿಯೇ ಬಂತು. ಒಬ್ಬ ಬಿದಿರು ತಂದ, ಇನ್ನೊಬ್ಬ ಹೂವು ತಂದ. ಬಾಗಿಲಲ್ಲಿ ತಮಟೆ ಶುರುವಾಯಿತು. ಹೊಂಬಾಳಮ್ಮ ಬೆಚ್ಚಿ ಎದ್ದು ಕೂತಳು.

“ಯಾರವ್ವಾ ಹೋಗಿದ್ದು?”

“ನೀನೇ ಕಣವ್ವಾ!”

ತಮಟೆ ನಿಂತಿತು. ಹೊಂಬಾಳಮ್ಮನ ಎದೆ ಮಾತ್ರ ನಿಲ್ಲದೆ ಹೊಡ್ಕೊಳ್ತಿತ್ತು. ಚಿಕ್ಕತಾಯಮ್ಮ ಚೆಲುವನ ಕಿವಿ ಹಿಂಡಿದಳು. “ಕಣ್ಣು ಮುಚ್ಚಿದಳು ಅಂದ್ರೆ ಸತ್ತಳು ಅಂತ ಕಣೋ ದಡ್ಡಾ!”

“ಸತ್ತಳು ಅಂತಾನಾ?” ಚೆಲುವನ ಮುಖ ಸಣ್ಣಗಾಯಿತು. ಅವನಿಗಿದ್ದವಳು ಅಮ್ಮ ಒಬ್ಬಳೇ. ಅಷ್ಟು ಮಾತ್ರ ಅವನಿಗೆ ಯಾವತ್ತೂ ಗೊತ್ತಿತ್ತು.

ಜನ ಚದುರಿದರು. ಸುಸ್ತಾಗಿ ಹೊಂಬಾಳಮ್ಮ ಮತ್ತೆ ಒರಗಿದಳು. ಸುದ್ದಿ ಕೇಳಿ ಡಾಕ್ಟ್ರಮ್ಮ ಏದುಸಿರು ಬಿಡುತ್ತಾ ಓಡಿಬಂದರು. ನೋಡಿದರೆ, ಮಂಚದ ಮೇಲೆ ಚೆಲುವ ಕೂತಿದ್ದಾನೆ, ಅಮ್ಮನ ಎರಡು ರೆಪ್ಪೆಯನ್ನೂ ಬೆರಳಿಂದ ಮೇಲಕ್ಕೆ ಎತ್ತಿ ಹಿಡಿದಿದ್ದಾನೆ, ಗಳಗಳ ಅಳುತ್ತಿದ್ದಾನೆ.

“ಏನೋ ಇದು! ಅಮ್ಮನಿಗೆ ನಿದ್ದೆ ಬರ್ತಿಲ್ಲವೇನೋ?”

“ಬರ್ತಾನೇ ಇದೆ ಡಾಕ್ಟ್ರಮ್ಮಾ! ನಾನೇ ಬಿಡ್ತಿಲ್ಲ!”