ಮುಸುವಜ್ಜನ ಇಂಗ್ಲಿಷ್ ಅಪರಾಧ

ಒಂದು ಕಾಡಿನಲ್ಲಿ ‘ಅಡ್ಮಾನಿಷ್’ ಎಂಬ ಇಂಗ್ಲಿಷ್ ಪದ ಅತಿ ಕೆಟ್ಟ ಬೈಗುಳ ಎಂದು ಎಲ್ಲ ಪ್ರಾಣಿಗಳೂ ನಂಬಿದ್ದವು. ಹಾಗೆಂದು ಹೇಳಿದ್ದು ನರಿ. ಪ್ರವಾಸಿ ಬಂಗಲೆಯ ಹಿತ್ತಿಲಲ್ಲಿ ಎಂಜಲು ತಿಂದು ಬೆಳೆದದ್ದರಿಂದ ನರಿಗೆ ಇಂಗ್ಲಿಷ್ ಬರುತ್ತದೆ ಎಂದೂ ಅವು ನಂಬಿದ್ದವು.

ಅಲ್ಲೊಂದು ಜಿಂಕೆ ತನ್ನ ಮರಿಯೊಡನೆ ನೇರಳೆ ಮರದ ಕೆಳಗೆ ಮೇಯುತ್ತಿತ್ತು. ಮರದ ಮೇಲೆ ಕಪ್ಪು ಮೋರೆಯ ಮುದಿ ಕೋತಿ, ಮುಸುವ. ಅದು ಚಿಗುರು ಕಿತ್ತು ಕೆಳಗೆ ಉದುರಿಸುತ್ತಿತ್ತು. ಚಿರತೆ ಕಂಡರೆ ಕೂಗುತ್ತಿತ್ತು. ನಡುನಡುವೆ ಗೊಣಗುತ್ತಿತ್ತು: “ಆ ಪೊದೆ ಹತ್ತಿರ ಮರೀನ ಬಿಡಬೇಡ ಕಣೆ ತಾಯಿ. ಎಷ್ಟು ಸಲ ಹೇಳೋದು?”

ಮುಸುವ ಕೂಗಿದಾಗಲೆಲ್ಲ ಚಿರತೆ ಬರಿಹೊಟ್ಟೆಯಲ್ಲಿ ಹೋಗುತ್ತಿತ್ತು. ಚಿರತೆ ತಿಂದು ಬಿಟ್ಟದ್ದನ್ನು ನಂಬಿಕೊಂಡಿದ್ದ ನರಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಒಂದು ದಿನ ನರಿ ಜಿಂಕೆಯ ಬಳಿ ಬಂತು. “ಅಕ್ಕಾ, ಆ ಮುದುಕ ನಿನ್ನನ್ನ ಅಡ್ಮಾನಿಷ್ ಮಾಡ್ತಾ ಇದ್ದಾನೆ. ನೀನು ಸುಮ್ಮನೆ ಮೇಯ್ತಾ ಇದ್ದೀಯಲ್ಲ.”

“ಹಾಗಂದ್ರೆ?”

“ಮರ್ಯಾದಸ್ಥರ ಮುಂದೆ ಬಿಡಿಸಿ ಹೇಳೋ ಮಾತಲ್ಲ.”

ಜಿಂಕೆಗೆ ತಲೆಬುಡ ತಿಳಿಯಲಿಲ್ಲ. ಮುಸುವನ ದನಿ ಮೆತ್ತಗೇ ಇತ್ತು. ಚಿಗುರೂ ರುಚಿಯಾಗಿತ್ತು. ಬೈಯುವವರು ಚಿಗುರು ಉದುರಿಸುತ್ತಾರೆಯೇ? ಆದರೆ ಪದ ಇಂಗ್ಲಿಷ್. ಸುಳ್ಳಿರಲಾರದು.

“ಅಜ್ಜ, ಇನ್ನು ಮೇಲೆ ನನ್ನನ್ನ ಅಡ್ಮಾನಿಷ್ ಮಾಡಬೇಡ” ಎಂದಿತು.

“ನಾನೇನು ಮಾಡಿದೆನೆ?”

“ನಂಗೂ ಗೊತ್ತಿಲ್ಲ. ಆದ್ರೆ ಮಾಡಬೇಡ.”

ಮುಸುವ ಹಣೆ ಕೆರೆದುಕೊಂಡಿತು. ಏನನ್ನು ಬಿಡಬೇಕೋ ತಿಳಿಯದೆ ಮರವನ್ನೇ ಬಿಟ್ಟು ಹೋಯಿತು.

ಮರುದಿನ ಮರಿ ಪೊದೆಯತ್ತ ನಡೆಯಿತು. ಊಟ ಹತ್ತಿರವಾಯಿತೆಂದು ನರಿ ಮೊದಲೇ ಬಂದು ಪೊದೆಯ ಪಕ್ಕದಲ್ಲಿ ಕೂತಿತ್ತು. ಇಷ್ಟು ದಿನ ಮುಸುವನ ಕೂಗು ಕೇಳಿದ ಕೂಡಲೇ ನರಿಯೂ ದೂರ ಸರಿಯುತ್ತಿತ್ತು. ಅಂದು ಕೂಗು ಬರಲಿಲ್ಲ, ಚಿರತೆ ಬಂತು. ಹತ್ತಿರ ಸಿಕ್ಕಿದ್ದನ್ನು ಹಿಡಿಯಿತು. ಸಿಕ್ಕಿದ್ದು ನರಿ.

ಮರಿ ಓಡಿ ಬಂದು ತಾಯಿಯ ಹೊಟ್ಟೆಯಡಿ ನಿಂತಿತು.

ಜಿಂಕೆ ಪಕ್ಕದ ಕೊಂಬೆಯ ಗಿಳಿಯನ್ನು ಆ ಇಂಗ್ಲಿಷ್ ಪದದ ಅರ್ಥ ಕೇಳಿತು. ಗಿಳಿ ಹಿಂದೆ ಇಂಗ್ಲಿಷ್ ಮೇಷ್ಟರೊಬ್ಬರ ಮನೆಯ ಪಂಜರದಲ್ಲಿತ್ತು.

“ಅದು ಬೈಗುಳ ಅಲ್ಲಕ್ಕ. ತಪ್ಪು ಮಾಡಿದವರಿಗೆ ಮೆತ್ತಗೆ ಬುದ್ಧಿ ಹೇಳೋದು.”

“ಮೊದಲೇ ಹೇಳಬಾರದಿತ್ತಾ?”

“ಯಾರು ಕೇಳಿದ್ರು?”

ಜಿಂಕೆ ಮುಸುವಜ್ಜನನ್ನು ಕರೆತರಲು ಹೊರಟಿತು. ಗಿಳಿ ಹಿಂದಿನಿಂದ ಇನ್ನೊಂದು ಮಾತು ಸೇರಿಸಿತು: “ಆ ಪದ ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿ ಅದರ ಬೇರಿನ ಅರ್ಥ ‘ಎಚ್ಚರಿಸು’.”

ನೀತಿ: ಮೆತ್ತಗೆ ತಿದ್ದುವವರ ಮಾತಿಗೆ ಅರ್ಥವೇನೆಂದು, ಅವರು ಬಾಯಿ ಮುಚ್ಚಿದರೆ ಲಾಭವಾಗುವವರನ್ನು ಕೇಳಬಾರದು.