ಕೆಸರವ್ವ ಹೊಲಿದ ಕೌದಿ

ಭೂಮಿ ಹುಟ್ಟಿ ಇನ್ನೂ ಹೊಕ್ಕುಳ ಬಳ್ಳಿ ಉದುರಿರಲಿಲ್ಲ. ಯಾವ ಕಡೆ ಮುಳುಗಬೇಕೆಂಬುದು ಸೂರ್ಯನಿಗೆ ಇನ್ನೂ ಸರಿಯಾಗಿ ರೂಢಿಯಾಗಿರಲಿಲ್ಲ. ಅಂಥ ಕಾಲದಲ್ಲಿ, ಈಗ ನಾವು ಜೋಳ ಬಿತ್ತುವ ಈ ಬಯಲಿನ ಮೇಲೆಲ್ಲ ಕಡಲವ್ವ ಮಲಗಿದ್ದಳು. ಅವಳ ಮಡಿಲಲ್ಲಿ ಅವಳ ಮಗ, ಪುಟ್ಟ ನೆಲಪ್ಪ.

ಆ ಮಡಿಲಿನ ತಳದಲ್ಲಿ ಕೆಸರವ್ವ ಎಂಬ ಮುದುಕಿ ಇದ್ದಳು. ಕಡಲವ್ವನಿಗೆ ಅವಳು ಅವ್ವ, ನೆಲಪ್ಪನಿಗೆ ಆಯಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಪಾಪ, ಕೆಸರವ್ವನಿಗೆ ಕೈಯಷ್ಟೇ ಅಲ್ಲ, ಮೈಯೆಲ್ಲ ಕೆಸರೇ. ಆದರೆ ಮೊಸರು ಇನ್ನೂ ಹುಟ್ಟಿರಲಿಲ್ಲ! ಅವಳೇನೂ ಅದಕ್ಕೆ ಬೇಸರಪಡಲಿಲ್ಲ. ಮೊಮ್ಮಗನ ಬೆನ್ನು ತಟ್ಟುವುದು, ಅವನನ್ನು ಮಲಗಿಸುವುದು, ಜೊತೆಗೆ ತಾನೂ ತೂಕಡಿಸುವುದು. ಅವಳಿಗೆ ಅಷ್ಟೇ ಸಾಕಾಗಿತ್ತು.

ಮಕ್ಕಳು ಬೆಳೆಯದೆ ಇರುತ್ತವೆಯೇ? ನೆಲಪ್ಪ ಬೆಳೆದ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಾಲು ಚಾಚಿದ, ಬೆನ್ನು ಎತ್ತಿದ. ಅವನು ಒಂದಿಷ್ಟು ಎದ್ದರೆ ಕಡಲವ್ವ ಒಂದಿಷ್ಟು ಜಾರುವಳು. ಮತ್ತೊಂದಿಷ್ಟು ಎದ್ದರೆ ಮತ್ತೊಂದಿಷ್ಟು ಜಾರುವಳು.

ಒಂದು ದಿನ ಕಡಲವ್ವ ಅತ್ತಳು. ಉಪ್ಪುನೀರಿನಲ್ಲಿ ಉಪ್ಪುನೀರು ಯಾರಿಗೆ ಕಾಣಬೇಕು? ಹೆತ್ತ ಅವ್ವನಿಗೆ ಮಾತ್ರ ಕಂಡಿತು.

“ಯಾಕವಾ, ಏನಾತು?” ಎಂದಳು ಕೆಸರವ್ವ.

“ಯವ್ವಾ, ಕೂಸು ದೊಡ್ಡದಾತು. ನನ್ನ ಉಡಿಯಾಗ ಹಿಡಿಯವಲ್ದು. ನಾ ಇನ್ನ ತೆಗ್ಗಿನ ಕಡೆ ಹೋಗಬೇಕು. ಹೊದಿಕಿಲ್ದ ಅಂವ ಒಂದಿನಾನೂ ಮಲಗಿಲ್ಲ. ಬಿಸಲಾಗ, ಚಳಿಯಾಗ ಹೆಂಗ ಮಲಗ್ತಾನ? ನನ್ನ ಮರತ ಬಿಡ್ತಾನ, ಯವ್ವಾ.”

“ಅಳಬ್ಯಾಡ. ನಾ ಇದ್ದೀನಲ್ಲ. ಕೌದಿ ಹೊಲೀತೀನಿ.”

ಕೌದಿಗೆ ಹೊಸ ಬಟ್ಟೆ ಬೇಡ, ಉಟ್ಟು ಸವೆದ ಸೀರೆ ಬೇಕು. ಕೆಸರವ್ವ ಕೆಂಪಿ, ಕರಿ ಎಂಬ ಇಬ್ಬರು ಹೊಳೆ ಹುಡುಗಿಯರನ್ನು ಕರೆದಳು. “ಗುಡ್ಡದವರ ಮನೀಗೆ ಹೋಗ್ರೆವಾ. ಸವದ ಸೀರಿ ಇದ್ರ ಕೇಳ್ಕೊಂಡ ಬರ್ರಿ.”

ಮಳೆಗೆ ನೆನೆದು, ಬಿಸಿಲಿಗೆ ಒಣಗಿ ಗುಡ್ಡಗಳ ಮಣ್ಣಿನ ಸೀರೆಗಳೆಲ್ಲ ಸವೆದೇ ಇದ್ದವು. ಕೇಳಿದ್ದೇ ತಡ, ಕೊಟ್ಟುಬಿಟ್ಟವು. ಕೆಂಪಿ ಕೆಂಪು ಮಣ್ಣು ತಂದಳು. ಕರಿ ಕಪ್ಪು ಮಣ್ಣು ತಂದಳು. ಇಬ್ಬರೂ ಹರಟೆ ಹೊಡೆಯುತ್ತ, ದಾರಿಯಲ್ಲಿ ಅರ್ಧ ಚೆಲ್ಲಿ, ಅಂತೂ ತಂದರು.

ಕೆಸರವ್ವ ಅವಸರ ಅವಸರವಾಗಿ ಹೊಲಿದಳು. ಮಗ್ಗುಲಲ್ಲಿ ಕಣ್ಣೊರೆಸುತ್ತ ಕೂತ ಮಗಳನ್ನು ನೋಡಿದರೆ ಯಾವ ತಾಯಿಗೆ ನಿಧಾನ ಇದ್ದೀತು? ಹೊಲಿದು ಮುಗಿಸಿ ನೆಲಪ್ಪನಿಗೆ ಹೊದಿಸಿದಳು. ಹೇಗಿದೆ ನೋಡೋಣವೆಂದು ಕಡಲವ್ವ ತುಸು ಹಿಂದೆ ಸರಿದಳು.

ಅಷ್ಟರಲ್ಲಿ ಗಾಳಿಯಪ್ಪ ಬಂದ. ಕಂಡವರ ಅರಿವೆ ಎಳೆಯುವುದು ಅವನ ಹಳೆಯ ಚಾಳಿ. ಕೌದಿಯ ಅಂಚು ಹಿಡಿದು ಒಮ್ಮೆ ಎಳೆದ. ಕೌದಿ ಧೂಳಾಗಿ ಹಾರಿಹೋಯಿತು!

“ಯವ್ವಾ, ಥಂಡಿ!” ಎಂದು ನೆಲಪ್ಪ ಚೀರಿದ. ಕಡಲವ್ವ ಓಡಿ ಬಂದು ಅವನನ್ನು ಮತ್ತೆ ಮುಚ್ಚಿಕೊಂಡಳು.

ಕೆಸರವ್ವ ಹಣೆ ಹಣೆ ಬಡಿದುಕೊಂಡಳು. “ಅಯ್ಯ ಶಿವನ! ಕೌದಿ ಹೊಟ್ಟಿ ತುಂಬಸೂದ ಮರತೆ!”

ಕೌದಿ ಹೊಲಿಯುವ ಮುದುಕಿಯರಿಗೆ ಗೊತ್ತಿರುವ ಮಾತು ಇದು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳನ್ನೋ ಇಡಬೇಕು. ಹಸಿದ ಕೌದಿ ಮನೆಯಲ್ಲಿ ನಿಲ್ಲುವುದಿಲ್ಲ. ಆದರೆ ಆಗ ಜೋಳವೂ ಇರಲಿಲ್ಲ, ರೊಟ್ಟಿ ಬಡಿಯುವ ಕೈಯೂ ಇರಲಿಲ್ಲ. ಏನು ತುಂಬುವುದು?

ಕಡಲವ್ವ ನೊರೆ ಕೊಟ್ಟಳು. ನೊರೆ ಕರಗಿತು. ತೆರೆ ಕೊಟ್ಟಳು. ತೆರೆ ಜಾರಿತು. ತನ್ನೊಳಗೆ ಬಿದ್ದ ಚಂದ್ರನನ್ನೇ ಎತ್ತಿ ಕೊಡಲು ಹೋದಳು. ಚಂದ್ರ ಒಡೆದು ಚೂರಾದ.

ಆಗ ಸುರುಳಿಯಜ್ಜ ಮೆಲ್ಲಗೆ ತೆವಳಿ ಬಂದ. ಅವನೊಬ್ಬ ಮುದಿ ಶಂಖದ ಹುಳು, ಕೆಸರವ್ವನ ಹಳೆಯ ಗೆಳೆಯ.

“ಕೆಸರವ್ವಾ, ಹುಟ್ಟಿದಾಗಿಂದ ಈ ಮನಿ ಬೆನ್ನ ಮ್ಯಾಲ ಹೊತ್ತ ಹೊತ್ತ ಸಾಕಾಗೇತಿ. ಕಣ್ಣ ಎಳ್ಯಾಕ ಹತ್ಯಾವು. ನನ್ನ ಒಳಗಿಟ್ಟ ಹೊಲಿ. ಕೂಸಿನ ಜೋಡಿ ನಾನೂ ಮಲಗ್ತೀನಿ.”

ಕೆಸರವ್ವನ ಕೈ ನಿಂತಿತು. ದಿನವೂ ಅವಳ ಮೈಮೇಲೆ ಗೆರೆ ಎಳೆಯುತ್ತ ಅಡ್ಡಾಡಿದವನು ಅವನು. ಅವಳಿಗೆ ತುಂಬಾ ದುಃಖವಾಯಿತು.

“ಹೋಗಿ ಬಿಡ್ತೀಯೇನೋ ಅಜ್ಜಾ?”

“ಎಲ್ಲಿಗೆ ಹೋಗಲಿ? ನಿನ್ನ ಕೈಯಾಗ ಇರ್ತೀನಲ್ಲ.”

ಕೆಸರವ್ವ ಅವನನ್ನು ಮೆತ್ತಗೆ ಕೆಂಪು ಪದರದ ನಡುವೆ ಇಟ್ಟಳು. ಮೇಲೆ ಕಪ್ಪು ಪದರ ಹಾಸಿದಳು. ಈ ಸಲ ಅವಸರ ಮಾಡಲಿಲ್ಲ. ಕೆಂಪಿ, ಕರಿ ಮತ್ತೆ ಮತ್ತೆ ಮಣ್ಣು ತಂದರು. ಒಂದು ಪದರ ಮುಗಿಯುವಷ್ಟರಲ್ಲಿ ನಿದ್ದೆ ಬಂದ ಇನ್ಯಾರೋ ಬರುತ್ತಿದ್ದರು. ಒಂದಕ್ಕೆ ಮುದಿ ಮೀನು, ಒಂದಕ್ಕೆ ಏಡಿ ಕಳಚಿಟ್ಟ ಅಂಗಿ, ಒಂದಕ್ಕೆ ಹೊಳೆಯಲ್ಲಿ ತೇಲಿ ಬಂದ ಎಲೆ. ಪದರ ಪದರಕ್ಕೂ ಹೊಟ್ಟೆ ತುಂಬಿತು. ಕಡಲವ್ವ ಮೇಲೆ ಕೂತು, ತನ್ನ ಭಾರವನ್ನೆಲ್ಲ ಹಾಕಿ ಕೌದಿಯನ್ನು ಒತ್ತಿದಳು. ಎಷ್ಟು ಕಾಲವೆಂದು ಲೆಕ್ಕ ಇಟ್ಟವರಿಲ್ಲ. ಒತ್ತಿ ಒತ್ತಿ ಕೌದಿ ಗಟ್ಟಿಯಾಯಿತು.

ಕೊನೆಗೆ ಹೊರಡುವ ದಿನ ಬಂತು. ನೆಲಪ್ಪ ಕಡಲವ್ವನ ಸೆರಗು ಹಿಡಿದುಕೊಂಡ.

“ಯವ್ವಾ, ತಿರಗಿ ಯಾವಾಗ ಬರ್ತಿ?”

ಕಡಲವ್ವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ನಾ ಬರೂದು ಆಗಾಕಿಲ್ಲಪ್ಪಾ. ನೆನಪಾದಾಗ ಕೌದಿಯಾಗ ಕೈ ಹಾಕಿ ನೋಡು. ನಮ್ಮ ಮನ್ಯಾಗಿನವರ ಎಲ್ಲಾರೂ ಅದರಾಗ ಅದಾರ.”

ನೆಲಪ್ಪ ಕೈ ಹಾಕಿ ನೋಡಿದ. ಸುರುಳಿಯಜ್ಜನ ಗುಂಡಗಿನ ಬೆನ್ನು ಬೆರಳಿಗೆ ಸಿಕ್ಕಿತು. ಅವನ ಹಿಡಿತ ಸಡಿಲಾಯಿತು. ಕಡಲವ್ವ ತಿರುಗಿ ತಿರುಗಿ ನೋಡುತ್ತ ಹೋದಳು. ಅಂದು ಅಂಟಿದ ಆ ಚಟ ಇಂದಿಗೂ ಬಿಟ್ಟಿಲ್ಲ, ದಡದಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ.

ಗಾಳಿಯಪ್ಪ ಬಂದೇ ಬಂದ. ಎಳೆದ, ಜಗ್ಗಿದ, ಊದಿದ. ಅಂಚಿನ ನಾಲ್ಕು ಎಳೆ ಕಿತ್ತುಕೊಂಡ, ಅಷ್ಟೇ. ಹೊಟ್ಟೆ ತುಂಬಿದ ಕೌದಿ ಅಲುಗಲಿಲ್ಲ.

ಇನ್ನು ಒಂದು ಮೂಲೆ ಮಾತ್ರ ಹೊಲಿಯುವುದು ಉಳಿದಿತ್ತು. ನೀರು ಹೋದ ಮೇಲೆ ಕೆಸರವ್ವನ ಮೈ ಒಣಗುತ್ತಿತ್ತು. ಅವಳು ಸೂಜಿ ಹಿಡಿದು ಕೌದಿಯೊಳಗೆ ಹೋದಳು.

“ಆಯೀ, ನೀನೂ ಹೊಂಟೇನು?” ಎಂದ ನೆಲಪ್ಪ.

“ಹುಚ್ಚಪ್ಪಾ, ಈ ಕೌದಿ ಅಂದ್ರ ನಾನ ಅಲ್ಲೇನು? ಮಲಗು.”

ಕೊನೆಯ ಮೂಲೆಯನ್ನು ಅವಳು ಒಳಗಿನಿಂದಲೇ ಹೊಲಿದಳು. ನೆಲಪ್ಪ ಮಗ್ಗುಲಾಗಿ, ಆಯಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಸುಖವಾಗಿ ನಿದ್ದೆಹೋದ.

ಅದಕ್ಕೇ ನೋಡು ಮಗು, ಇಂದಿಗೂ ಕೆಲವು ಕಲ್ಲುಗಳು ಕೌದಿಯಂತೆ ಪದರ ಪದರವಾಗಿ ಏಳುತ್ತವೆ, ಕಡಲು ಕಾಣದ ಊರಲ್ಲೂ ಅವುಗಳ ಹೊಟ್ಟೆಯಲ್ಲಿ ಶಂಖ ಸಿಗುತ್ತದೆ. ಅಂಥ ಕಲ್ಲಿನ ಮೇಲೆ ಒಂದು ಚೊಂಬು ನೀರು ಹಾಕಿ ನೋಡು, ಮಸುಕಾಗಿದ್ದ ಶಂಖ ತಟ್ಟನೆ ಎದ್ದು ಕಾಣುತ್ತದೆ, ಯಾಕೆಂದರೆ ನೀರು ಬಿದ್ದಾಗಲೆಲ್ಲ ಅವ್ವ ಬಂದಳೆಂದುಕೊಂಡು ನೆಲಪ್ಪ ಅರೆನಿದ್ದೆಯಲ್ಲೇ ಸುರುಳಿಯಜ್ಜನನ್ನು ಎತ್ತಿ ತೋರಿಸುತ್ತಾನೆ.