ದುಂಡ್ಯಾ ನಾಯಿಮರಿ ತಂದದ್ದು

ಮುಧೋಳದ ಆಚೆ ಜಾಲಿಕಟ್ಟಿ ಅಂತ ಒಂದು ಊರು. ಎಷ್ಟು ಹರದಾರಿ ಅಂತ ಮಾತ್ರ ಕೇಳಬೇಡಿ, ಕೇಳಿದವರಿಗೆಲ್ಲ ಒಂದೊಂದು ಲೆಕ್ಕ ಹೇಳಿಬಿಟ್ಟಿದ್ದೇನೆ. ಆ ಊರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಅವಳಿಗೆ ಮೂವತ್ತು ಕುರಿ, ಒಬ್ಬ ಮಗ. ಕುರಿಗಳಿಗೆ ತುಸು ಬುದ್ಧಿ ಇತ್ತು.

ಮಗನ ಹೆಸರು ದುಂಡ್ಯಾ. ಇಪ್ಪತ್ತೆರಡು ವರ್ಷದ ಎತ್ತಿನಂಥ ಆಳು. ಎರಡು ಚೀಲ ಜೋಳ ಒಂದೇ ಹೆಗಲಿಗೆ ಹೊರುತ್ತಿದ್ದ. ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ಫಕೀರವ್ವನ ತಲೆನೋವೇ ಅದು.

ಆ ವರ್ಷ ಅವರ ಮುದಿ ನಾಯಿ ಸತ್ತಿತು. ಸತ್ತ ಸುದ್ದಿ ಮೊದಲು ಗೊತ್ತಾದದ್ದು ತೋಳಕ್ಕೆ. ಹಾಡಹಗಲೇ ಬರುವುದು, ಒಂದು ಕುರಿಮರಿ ಕಚ್ಚಿಕೊಂಡು ಹೋಗುವುದು. ತಿಂಗಳೊಪ್ಪತ್ತಿನಲ್ಲಿ ಮೂರು ಹೋದವು. ಹೀಗೇ ಬಿಟ್ಟರೆ ದಸರೆಗೆ ದೊಡ್ಡಿಯಲ್ಲಿ ಉಳಿಯುವುದು ಹಿಕ್ಕೆ ಮಾತ್ರ. ನಾಯಿ ಬೇಕೇ ಬೇಕು. ನಾಯಿ ಅಂದರೆ ಆ ಸೀಮೆಯಲ್ಲಿ ಪಕ್ಕದೂರಿನ ಜಕ್ಕಪ್ಪನ ಮನೆ ನಾಯಿ. ಸಣ್ಣ ನಡು, ಉದ್ದ ಮೂತಿ, ಓಡಿದರೆ ನೆರಳು ಹಿಂದೆ ಬೀಳಬೇಕು.

ಆದರೆ ಜಕ್ಕಪ್ಪನ ಅಂಗಳದಲ್ಲಿ ಒಂದು ರೂಢಿ ಇತ್ತು. ಮರಿಯನ್ನು ಮಂದಿ ಆರಿಸುವಂತಿಲ್ಲ, ಮರಿಯೇ ಮಂದಿಯನ್ನು ಆರಿಸಬೇಕು. ಹುಟ್ಟಿದ ನಲವತ್ತೈದನೇ ದಿನ, ಎಲೆ-ಅಡಿಕೆ ಕೊಟ್ಟವರೆಲ್ಲ ಅಂಗಳದಲ್ಲಿ ಕೂಡಬೇಕು. ಕರೆಯಬಾರದು, ತಿನಿಸು ತೋರಿಸಬಾರದು. ಮರಿ ತಾನಾಗಿ ಯಾರ ಹತ್ತಿರ ಬಂತೋ ಅವರದು. ಬರದಿದ್ದರೆ ಮುಂದಿನ ಸಲ.

"ದುಂಡ್ಯಾ," ಅಂದಳು ಫಕೀರವ್ವ, "ಜಕ್ಕಪ್ಪ ಕಾಕಾನ ನಾಯಿ ಬಿಜಲಿ ಬಸರೈತಂತ. ಹೋಗು, ಎಲಿ-ಅಡಿಕಿ ಕೊಡು, ನಮಗೊಂದು ಮರಿ ಬೇಕಂತ ಹೇಳು. ಮತ್ತ ನೋಡು, ಬರಿಗೈಲೆ ಬರಬ್ಯಾಡ!"

ಒಂದು ಗಟ್ಟಿ ಮಾತು ತೆಗೆದುಕೊಂಡು ಬಾ ಅಂತ ಅವಳ ಅರ್ಥ. ದುಂಡ್ಯಾ ಹೋದ. ಎಲೆ-ಅಡಿಕೆ ಕೊಟ್ಟ.

"ಆತಪಾ ತಮ್ಮಾ," ಅಂದ ಜಕ್ಕಪ್ಪ. "ಅಂಗಳದಾಗ ನಿನಗೂ ಒಂದು ಜಾಗ ಐತಿ."

"ಮರಿ ಎಲ್ಲಿ ಕಾಕಾ?"

"ಮರೀ? ಇನ್ನೂ ಬಿಜಲಿ ಹೊಟ್ಟ್ಯಾಗ ಅದಾವ!" ಅಂತ ನಕ್ಕು ಜಕ್ಕಪ್ಪ ಚಹಾ ಹೇಳಲು ಒಳಗೆ ಹೋದ.

ದುಂಡ್ಯಾ ವಿಚಾರ ಮಾಡಿದ. ಅವ್ವ ಬರಿಗೈಯಲ್ಲಿ ಬರಬೇಡ ಅಂದಿದ್ದಾಳೆ. ಮರಿ ಹೊಟ್ಟೆಯಲ್ಲಿವೆ. ಹೊಟ್ಟೆ ಇಲ್ಲೇ ಇದೆ. ಸರಿ, ಬಿಜಲಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಊರ ದಾರಿ ಹಿಡಿದ.

"ಏನ್ ತಂದ್ಯೋ ಇದು?"

"ಮರಿ ಬೇ! ಸದ್ಯಕ್ಕ ಒಳಗ ಅದಾವ!"

"ಅಯ್ಯೋ ನನ್ನ ಹಣೀಬಾರವೇ! ಮಂದಿ ಮನಿ ಬಸರಿ ನಾಯಿ ಹೊತ್ಕೊಂಡು ಬರ್ತಾರೇನೋ, ಮೂಳಾ! ಮಂದಿ ಮನ್ಯಾಗಿಂದು ಏನೂ ಮುಟ್ಟಬಾರದು. ದೂರ ಕುಂತು ನೋಡಬೇಕು. ಬಾಯಿ ಮುಚ್ಕೊಂಡಿರಬೇಕು!"

"ಆತು ಬೇ, ಇನ್ನ ಹಂಗ ಮಾಡ್ತೀನಿ."

ಫಕೀರವ್ವ ತಾನೇ ನಾಯಿ ಒಪ್ಪಿಸಿ, ಕೈ ಮುಗಿದು ಬಂದಳು.

ಎಂಟು ದಿನ ಬಿಟ್ಟು ಬಿಜಲಿ ಹೇಗಿದ್ದಾಳೆ ನೋಡಿ ಬಾ ಅಂತ ಕಳಿಸಿದಳು. ಜಕ್ಕಪ್ಪನ ಮನೆಯಲ್ಲಿ ಯಾರೂ ಇಲ್ಲ. ಅಂಗಳದಲ್ಲಿ ಬಿಜಲಿಗೆ ಅಂತ ಹಾಲು ಹಾಕಿ ಆರಲು ಇಟ್ಟ ಜೋಳದ ನುಚ್ಚಿನ ಗಡಿಗೆ. ನೆರೆಮನೆಯ ಹೋತ ಒಂದು ಒಳಗೆ ಬಂತು, ಗಡಿಗೆಗೆ ಮೂತಿ ಇಟ್ಟಿತು. ದುಂಡ್ಯಾ ಮುಟ್ಟಲಿಲ್ಲ. ದೂರ ಕುಂತ. ನೋಡಿದ. ಬಾಯಿ ಮುಚ್ಚಿಕೊಂಡ. ಹೋತ ನುಚ್ಚು ಮುಗಿಸಿತು, ಆಮೇಲೆ ಒಣಹಾಕಿದ ಧೋತರಕ್ಕೆ ಬಾಯಿ ಹಾಕಿತು. ಅಷ್ಟರಲ್ಲಿ ಜಕ್ಕಪ್ಪ ಬಂದ.

"ಏ, ಯಾರ ಹೋತಲೇ ಇದು! ದುಂಡ್ಯಾ, ನೀ ನೋಡಲಿಲ್ಲೇನೋ?"

"ನೋಡಿದ್ನಿ ಕಾಕಾ! ಮದಲಿಂದ ನೋಡಿದ್ನಿ! ನುಚ್ಚು ಸುರಳೀತ ಹೋತು. ಧೋತರ ನುಂಗಾಕ ಪಾಪ, ಭಾಳ ತ್ರಾಸ ಆತು ಅದಕ್ಕ."

ಸುದ್ದಿ ಕೇಳಿ ಫಕೀರವ್ವ ಎದೆ ಬಡಿದುಕೊಂಡಳು. "ಅಲ್ಲೋ, ಕಲ್ಲು ಕುಂತಂಗ ಕುಂತಿದ್ಯೇನೋ! ಅಂಥಾ ಹೊತ್ತಿನ್ಯಾಗ ಗಂಗಾಳ ತಗೊಂಡು ಬಡೀಬೇಕು! ಬರ್ರೆಪೋ ಬರ್ರಿ ಅಂತ ಚೀರಬೇಕು! ಊರು ಕೂಡಸಬೇಕು!"

"ಆತು ಬೇ, ಇನ್ನ ಹಂಗ ಮಾಡ್ತೀನಿ."

ಮುಂದಿನ ವಾರ ಹೋದಾಗ ಜಕ್ಕಪ್ಪ ಬಾಗಿಲಲ್ಲೇ ತುಟಿಗೆ ಬೆರಳಿಟ್ಟುಕೊಂಡು ನಿಂತಿದ್ದ. "ಶ್! ಬಿಜಲಿ ಮರಿ ಹಾಕಾಕತ್ತಾಳ. ಮದಲನೇದು ಬರಾಕತ್ತೈತಿ. ಉಸಿರು ಬಿಡಬ್ಯಾಡ."

ಅಂಥಾ ಹೊತ್ತು ಅಂದರೆ ಇದೇ ಅಂಥಾ ಹೊತ್ತು! ದುಂಡ್ಯಾ ಗಂಗಾಳ ಹಿಡಿದ, ಒನಕೆ ಹಿಡಿದ. ಢಣ್! ಢಣ್! "ಬರ್ರೆಪೋ ಬರ್ರಿ! ಕಾಕಾನ ಮನ್ಯಾಗ ಏನೋ ಬರಾಕತ್ತೈತಿ! ಬರ್ರೀ!"

ಊರು ಕೂಡಿತು. ಕೆಲವರು ಕೊಡ ತಂದರು, ಕೆಲವರು ಬಡಿಗೆ ತಂದರು. ಒಬ್ಬನಂತೂ ಕಳ್ಳನನ್ನು ಕಟ್ಟಲು ಹಗ್ಗವನ್ನೇ ತಂದ. ಬಿಜಲಿ ಕಿಟಕಿ ಹಾರಿದಳು. ಊರಾಚೆ ಒಂದು ಬಣವೆಯ ಕೆಳಗೆ ಹೋಗಿ ನಾಲ್ಕು ಮರಿ ಹಾಕಿದಳು. ನಾಲ್ಕೂ ಗಟ್ಟಿಮುಟ್ಟಾಗಿದ್ದವು, ದೇವರು ದೊಡ್ಡವನು.

"ಮರಿ ನಾಲ್ಕು, ಎಲಿ-ಅಡಿಕಿ ಕೊಟ್ಟವರು ಐದು ಮಂದಿ," ಅಂದ ಜಕ್ಕಪ್ಪ, ಗಂಗಾಳ ಕಸಿದುಕೊಂಡು. "ಯಾರಿಗೆ ತಪ್ಪತೈತಿ ನನಗ ಗೊತ್ತಾಗೇತಿ. ನಡಿ ಇಲ್ಲಿಂದ!"

ಅಂದಿನಿಂದ ಫಕೀರವ್ವನಿಗೆ ಊಟ ಹತ್ತಲಿಲ್ಲ. ಹಲ್ಲಿ ಲೊಚಗುಟ್ಟಿದರೆ "ಸಿಗತೈತಿ" ಅನ್ನುವಳು, ಬೆಕ್ಕು ಅಡ್ಡ ಬಂದರೆ "ಸಿಗಂಗಿಲ್ಲ" ಅನ್ನುವಳು. ಆ ಮನೆಯಲ್ಲಿ ಹಲ್ಲಿ ಎರಡು, ಬೆಕ್ಕು ಎರಡು. ದಿನಕ್ಕೆ ಇಪ್ಪತ್ತು ಸಲ ಮರಿ ಬರುವುದು, ಇಪ್ಪತ್ತು ಸಲ ಹೋಗುವುದು. ಈ ನಡುವೆ ತೋಳ ನಾಲ್ಕನೇ ಕುರಿಮರಿ ಒಯ್ದಿತು.

"ಸುಮ್ಮ ಕುಂತ್ರ ಜೀವ ತಿಂತೈತಿ," ಅಂದಳು ಮಗನಿಗೆ. "ಮರಿ ಬರೂದ್ರಾಗ ಏನರ ತಯಾರಿ ಮಾಡು."

ತಯಾರಿ ಮಾಡು ಅಂದದ್ದೇ ತಡ, ದುಂಡ್ಯಾ ಎದ್ದ. ಒಂದು ಹಗ್ಗ ಹೊಸೆದ, ತುದಿಗೆ ಕುಣಿಕೆ ಹಾಕಿದ. ಬರೀ ಹಗ್ಗ ಎಳೆದುಕೊಂಡು ಕುರಿಗಳ ಸುತ್ತ ತಿರುಗತೊಡಗಿದ. ನಡುನಡುವೆ ನಿಂತು ಹಗ್ಗಕ್ಕೆ ನೀರು ಕುಡಿಸುವನು.

"ದುಂಡ್ಯಾ, ನಾಯಿ ಎಲ್ಲೋ?" ಅಂತ ಮಂದಿ ನಗುವರು.

"ಹಗ್ಗ ಬಂದೈತಿ. ನಾಯಿ ಹಿಂದಿಂದ ಬರ್ತೈತಿ!"

ಹದಿನೈದು ದಿನ ಕಳೆಯಿತು. ಫಕೀರವ್ವ ತಾಳಲಾರದೆ ಹೇಳಿದಳು: "ಹೋಗು, ಕಾಕಾನ ಸಿಟ್ಟು ಇಳಿಸು. ಹಡದ ಮನಿಗೆ ಹೋಗೂ ರೀತಿ ಕಲಿ. ಮಲಗಿದಾಕಿ ಬಾಯಾಗ ಅಂಟಿನುಂಡಿ ಇಡಬೇಕು. ಬೆಚ್ಚಗ ಕಂಬಳಿ ಹೊಚ್ಚಬೇಕು. 'ತೊಟ್ಟಿಲ ತುಂಬಲಿ, ವರ್ಷಕ್ಕೊಂದು ಆಗಲಿ' ಅಂತ ಹರಸಬೇಕು!"

"ಆತು ಬೇ, ಹಂಗ ಮಾಡ್ತೀನಿ."

ಅವತ್ತು ಜಕ್ಕಪ್ಪನ ಪಡಸಾಲೆಯ ಹೊರಸಿನ ಮೇಲೆ ಚನಮಲ್ಲಪ್ಪ ಸಾವ್ಕಾರ ಮಲಗಿದ್ದ. ಪೇಟೆಯಿಂದ ಜೀಪಿನಲ್ಲಿ ಮರಿ ನೋಡಲು ಬಂದವನು, ಎಲೆ-ಅಡಿಕೆ ಕೊಟ್ಟ ಐವರಲ್ಲಿ ಒಬ್ಬ. ಹೋಳಿಗೆ ಊಟ ಹೊಡೆದು, ಹೊಟ್ಟೆ ಮೇಲೆ ಮಾಡಿ, "ಉಸ್ಸಪ್ಪಾ... ಆಗವಲ್ತು..." ಅಂತ ನರಳುತ್ತಿದ್ದ. ದುಂಡ್ಯಾ ನೋಡಿದ. ಮಲಗಿದ್ದಾರೆ. ನರಳುತ್ತಿದ್ದಾರೆ. ಹೊಟ್ಟೆ ಇನ್ನೂ ಇಳಿದಿಲ್ಲ. ತೆರೆದ ಬಾಯಿಗೆ ಒಂದು ಅಂಟಿನುಂಡಿ ತುರುಕಿದ. ಏಪ್ರಿಲ್ ಬಿಸಿಲಲ್ಲಿ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದಿಸಿದ. ತನ್ನ ಮೀಸೆ ಸವರಿಕೊಂಡು ದೊಡ್ಡ ದನಿಯಲ್ಲಿ ಹರಸಿದ: "ತೊಟ್ಟಿಲ ತುಂಬಲಿ! ವರ್ಷಕ್ಕೊಂದು ಆಗಲಿ!"

ಸಾವ್ಕಾರ ಉಂಡಿ ಉಗುಳಿ, ಕಂಬಳಿ ಒದ್ದು ಎದ್ದ. "ಯಾವನಲೇ ಇವಾ! ಜಕ್ಕಪ್ಪಾ, ಆ ನಾಲ್ಕೂ ಮರಿ ನನ್ನ ಕಡೀಗೆ ಹೆಂಗ ಬರ್ತಾವ ನೋಡ್ತಿರು! ಈ ಖೋಡಿಗೆ ಬಾಲ ಸೈತ ಸಿಗಬಾರದು!"

ಜಕ್ಕಪ್ಪ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಕಂಬ ಹಿಡಿದುಕೊಂಡು ನಗುತ್ತಿದ್ದ. ಕಣ್ಣೊರೆಸಿಕೊಂಡು ಇಷ್ಟು ಮಾತ್ರ ಅಂದ: "ತಮ್ಮಾ, ನಿನ್ನ ಜಾಗ ನಿನಗ ಇರಲಿ. ಮರಿ ಬರ್ತಾವೋ ಬಿಡ್ತಾವೋ, ಅದು ಅವುಕ್ಕ ಬಿಟ್ಟದ್ದು."

ಫಕೀರವ್ವ ಮಾತ್ರ ನಗಲಿಲ್ಲ. "ದೊಡ್ಡವರನ್ನ ಕಂಡ್ರ ಹಿಂಗ ಮಾಡ್ತಾರೇನೋ? ದೊಡ್ಡವರು ಬಂದ್ರ ಬಾಗಲಾ ತಗೀಬೇಕು. 'ನೀವು ಮುಂದ ನಡೀರಿ' ಅನಬೇಕು. ಆಮ್ಯಾಲ ಗ್ವಾಡಿಗೆ ಹತ್ತಿ ನಿಂದ್ರಬೇಕು. ಏನರ ಆಗಲಿ, ಅಲುಗಾಡಬಾರದು!"

"ಆತು ಬೇ."

ನಲವತ್ತೈದನೇ ದಿನ ಬಂತು. ಅಂಗಳದಲ್ಲಿ ನಾಲ್ಕು ಮಂದಿ ಸಾಲಾಗಿ ಕೂತರು. ಸಾವ್ಕಾರ ಎಲ್ಲರಿಗಿಂತ ಮುಂದೆ. ಅವನ ಕೋಟಿನ ಕಿಸೆಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಕುರಿಯ ಕಾಳಜದ ಮಾಂಸ ಇತ್ತು. ಯಾರೂ ನೋಡಿರಲಿಲ್ಲ, ನಾನೊಬ್ಬ ನೋಡಿದೆ ಅಂತ ಇಟ್ಟುಕೊಳ್ಳಿ. ದುಂಡ್ಯಾ ಐದನೆಯವನಾಗಿ ಬಂದ. ನೋಡಿದರೆ ದೊಡ್ಡಿಯ ಬಾಗಿಲಿಗಿದ್ದ ಪಡಕಿನ ಹಿಂದೆ ಬಿಜಲಿ ನಿಂತಿದ್ದಾಳೆ, ಹಿಂದೆ ನಾಲ್ಕು ಮಕ್ಕಳು. ನಾಲ್ಕು ಮಕ್ಕಳ ತಾಯಿ! ಇವರಿಗಿಂತ ದೊಡ್ಡವರು ಇಲ್ಲಿ ಯಾರಿದ್ದಾರೆ? ದುಂಡ್ಯಾ ಪಡಕು ತೆಗೆದ, ಬಾಗಿ ಕೈ ತೋರಿಸಿದ.

"ನೀವು ಮುಂದ ನಡೀರಿ."

"ಏ! ಇನ್ನೂ ಹೊತ್ತಾಗಿಲ್ಲಲೇ!" ಅಂತ ಜಕ್ಕಪ್ಪ ಚೀರುವುದರೊಳಗೆ ಬಿಜಲಿ ಹೊರಗಿದ್ದಳು. ನೆಟ್ಟಗೆ ಸಾವ್ಕಾರನ ಕಿಸೆಗೆ ಬಾಯಿ ಹಾಕಿದಳು. ಕಾಳಜ ಬಂತು, ಕಿಸೆ ಬಂತು, ಅರ್ಧ ಕೋಟು ಬಂತು. "ಹಿಡೀರಿ! ಹಿಡೀರಿ!" ನಾಲ್ಕೂ ಮಂದಿ ಎದ್ದರು. ಮರಿಗಳು ದಿಕ್ಕಾಪಾಲಾದವು. ಇವರು ಹಿಡಿಯಲು ಹೋದಷ್ಟೂ ಅವು ಜಾರಿದವು. ಒಬ್ಬ ಗೊಬ್ಬರದ ತಿಪ್ಪೆಗೆ ಬಿದ್ದ, ಇನ್ನೊಬ್ಬ ಬಾನಿಗೆ ಬಿದ್ದ. ಸಾವ್ಕಾರ ಮಾತ್ರ ಎರಡಕ್ಕೂ ಬಿದ್ದ.

ದುಂಡ್ಯಾ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಓಡು ಓಡು ಅಂತ ಕಾಲು ತುರಿಸುತ್ತಿದ್ದವು. ಒಂದು ಮರಿ ಕೈಗೆ ಸಿಗುವಷ್ಟು ಹತ್ತಿರ ಹಾದುಹೋಯಿತು. ಅವ್ವನ ಸೊರಗಿದ ಮುಖ ಕಣ್ಣೆದುರು ಬಂತು. ಆದರೆ ಅಲುಗಾಡಬಾರದು ಅಂದವಳೂ ಅವಳೇ. ಕಣ್ಣು ಮುಚ್ಚಿ ಕಂಬದ ಹಾಗೆ ನಿಂತ.

ಬೆದರಿದ ಮರಿಗೆ ಏನು ಬೇಕು? ಓಡದ ಒಂದು ಜಾಗ. ಆ ಅಂಗಳದಲ್ಲಿ ಓಡದೆ ಇದ್ದದ್ದು ದುಂಡ್ಯಾನ ಕಾಲು ಎರಡೇ. ಒಂದು ಬಂತು, ಪಾದದ ಮೇಲೆ ಕೂತಿತು. ಎರಡನೆಯದು ಬಂತು. ಮೂರು. ನಾಲ್ಕನೆಯದು, ಬಿಳಿ ಎದೆಯ ಸಣ್ಣ ಹೆಣ್ಣುಮರಿ, ಅವನ ಧೋತರದೊಳಗೆ ಮೂತಿ ತೂರಿಸಿ ಉಸಿರು ಬಿಟ್ಟಿತು.

ಓಡುತ್ತಿದ್ದವರೆಲ್ಲ ನಿಂತು ಗೋಡೆಯ ಕಡೆ ತಿರುಗಿದರು.

"ರೂಢಿ ಅಂದ್ರ ರೂಢಿ," ಅಂದ ಜಕ್ಕಪ್ಪ. "ನಾಲ್ಕೂ ದುಂಡ್ಯಾನವು!"

"ಮೋಸ!" ಅಂದ ಸಾವ್ಕಾರ.

"ಕಿಸೆ ಎಲ್ಲೈತ್ರಿ ಸಾವ್ಕಾರ್ರ?" ಅಂದ ಜಕ್ಕಪ್ಪ. ಸಾವ್ಕಾರ ಜೀಪು ಹತ್ತಿದ.

ದುಂಡ್ಯಾ ಬಿಳಿ ಎದೆಯದನ್ನು ಎತ್ತಿ ಎದೆಗೆ ಹಚ್ಚಿಕೊಂಡ. "ಇದೊಂದ ಸಾಕು ಕಾಕಾ. ಅವ್ವ ಒಂದು ಅಂದಾಳ." ಉಳಿದ ಮೂರು ಉಳಿದ ಮೂವರಿಗೆ ಸಂದವು. ದುಂಡ್ಯಾ ಊರು ಹೊಕ್ಕಾಗ ನಕ್ಕವರೆಲ್ಲ ಕಟ್ಟೆ ಬಿಟ್ಟು ಎದ್ದು ನಿಂತರು.

ಫಕೀರವ್ವ ಮರಿಗೆ ದೃಷ್ಟಿ ತೆಗೆದಳು, ಮಗನಿಗೂ ತೆಗೆದಳು, ಅತ್ತಳು, ನಕ್ಕಳು. ಪೂರ್ತಿ ಕತೆ ಕೇಳಿದ ಮೇಲೆ ಪೊರಕೆ ಹುಡುಕಿದಳು. "ನಾಲ್ಕೂ ನಿನ್ನವಂದ್ರ ಮೂರು ಬಿಟ್ಟು ಬಂದ್ಯಾ! ತಾನಾಗೇ ಬಂದದ್ದನ್ನ ಯಾರರ ಬಿಡ್ತಾರೇನೋ? ಹಿಡಕೊಂಡು ಮನಿಗೆ ತರಬೇಕು! ಹೊಸದಾಗಿ ಬಂದದ್ದು ಹೆದರತೈತಿ, ಬೆನ್ನ ಸವರಬೇಕು, ಹಾಲು-ರೊಟ್ಟಿ ಕಲಸಿ ತಿನ್ನಸಬೇಕು. ಮೂರು ದಿನ ಕಂಬಕ್ಕ ಕಟ್ಟಬೇಕು. ನಾಲ್ಕನೇ ದಿನ ಬಿಟ್ರೂ ಎಲ್ಲೂ ಹೋಗಂಗಿಲ್ಲ!"

"ಆತು ಬೇ, ಇನ್ನ ಹಂಗ ಮಾಡ್ತೀನಿ."

ಮರುದಿನ ಮಧ್ಯಾಹ್ನ ಫಕೀರವ್ವ ಹಳ್ಳದಿಂದ ನೀರು ಹೊತ್ತು ಬಂದಳು. ಕಂಬದ ಈ ಬದಿಗೆ ಮರಿ ಕಟ್ಟಿತ್ತು. ಆ ಬದಿಗೆ ತೋಳ ಕಟ್ಟಿತ್ತು. ದುಂಡ್ಯಾ ನಡುವೆ ಕೂತು ತೋಳದ ಬಾಯಿಗೆ ಹಾಲು-ರೊಟ್ಟಿ ಇಡುತ್ತಿದ್ದ.

ಕೊಡ ಬಿತ್ತು. "ದುಂಡ್ಯಾ! ತೋಳೋ! ತೋಳಾ!"

"ಹೂಂ ಬೇ! ತಾನಾಗೇ ಬಂತು. ಬಿಡಲಿಲ್ಲ ನಾನು!" ಅಂತ ದುಂಡ್ಯಾ ಅದರ ಬೆನ್ನು ಸವರಿದ. ಹುಟ್ಟಿದಾಗಿನಿಂದ ತನ್ನನ್ನು ನೋಡಿ ಓಡುವವರನ್ನೇ ಕಂಡಿದ್ದ ತೋಳ, ತೋಳು ಚಾಚಿ ಎದುರು ಬಂದವನನ್ನು ಕಂಡು ಕಚ್ಚುವುದನ್ನೇ ಮರೆತುಬಿಟ್ಟಿತ್ತು. ಫಕೀರವ್ವ ಅಟ್ಟ ಹತ್ತಿದವಳು ಮೂರು ದಿನ ಇಳಿಯಲಿಲ್ಲ. ಮೂರು ದಿನವೂ ಹಾಲು-ರೊಟ್ಟಿ, ಮೂರು ದಿನವೂ ಬೆನ್ನು. ಜಾಲಿಕಟ್ಟಿ ಊರೆಲ್ಲ ಮಾಡಿನ ಮೇಲೆ ಕೂತು ನೋಡಿತು.

ನಾಲ್ಕನೇ ದಿನ ದುಂಡ್ಯಾ ಹಗ್ಗ ಬಿಚ್ಚಿದ. ತೋಳ ಒಮ್ಮೆ ದುಂಡ್ಯಾನ ಕಡೆ ನೋಡಿತು, ಒಮ್ಮೆ ರೊಟ್ಟಿಯ ಕಡೆ ನೋಡಿತು. ಬಾಲ ಹೊಟ್ಟೆಗೆ ಸೇರಿಸಿಕೊಂಡು ಹೊರಟದ್ದು ಹಳ್ಳ ದಾಟಿತು, ಗುಡ್ಡ ದಾಟಿತು, ಇನ್ನೂ ಓಡುತ್ತಲೇ ಇತ್ತು. ಮತ್ತೆಂದೂ ಆ ಸೀಮೆಯಲ್ಲಿ ಒಂದು ತೋಳವೂ ಕುರಿಯ ಕಡೆ ಮೂತಿ ತಿರುಗಿಸಲಿಲ್ಲ.

"ಉಳೀತು! ನನ್ನ ಕುರಿ ಉಳೀತು!" ಅಂತ ಫಕೀರವ್ವ ಅಟ್ಟದಿಂದ ಇಳಿದು ಬಂದರೆ ಮಗ ಇಲ್ಲ. ಗುಡ್ಡದ ಮೇಲೆ ಮುಂದೆ ತೋಳ ಓಡುತ್ತಿದೆ, ಹಿಂದೆ ಹಾಲಿನ ಬಟ್ಟಲು ಹಿಡಿದು ದುಂಡ್ಯಾ, ಅವನ ಹಿಂದೆ ಕುಂಯ್‌ಗುಡುತ್ತ ಬಿಳಿ ಎದೆಯ ಮರಿ.

"ಬಾರೋ! ಹಿಂಗ ಹೋದ್ರ ಹೆಂಗೋ?" ಅಂತ ಕೂಗುತ್ತಿದ್ದ ದುಂಡ್ಯಾ. "ನಮ್ಮವ್ವ ಹೋಗಂಗಿಲ್ಲ ಅಂದಾಳ!"